ಎತ್ತು ಆರಿಸಿದ ತಂಗುದಾಣಗಳು

ಬೆಂಗಳೂರಿನಿಂದ ಕಾರಿನಲ್ಲಿ ಹೊರಟು ನಾಲ್ಕೈದು ದಿನ ಮಲೆನಾಡು, ಕರಾವಳಿ ಸುತ್ತಿ ಬರಬೇಕೆಂದುಕೊಂಡವರು ಮೊದಲು ಮಾಡುವ ಕೆಲಸ ನೋಡಬೇಕಾದ ಜಾಗಗಳ ಪಟ್ಟಿ. ಬೇಲೂರು, ಹಳೇಬೀಡು, ಶೃಂಗೇರಿ, ಆಗುಂಬೆ, ಜೋಗ ಎಂದು ಬರೆದಾದ ಮೇಲೆ ರಾತ್ರಿ ಎಲ್ಲಿ ಎಂಬ ಪ್ರಶ್ನೆ ಬರುತ್ತದೆ. ಅದನ್ನು ರೂಮಿನ ಬಾಡಿಗೆ ನೋಡಿ ತೀರ್ಮಾನಿಸುವುದೇ ಹೆಚ್ಚು. ಈ ನಾಡಿನ ರಸ್ತೆಗಳಲ್ಲಿ ನೂರಾರು ವರ್ಷ ಓಡಾಡಿದವರ ಲೆಕ್ಕ ಇದಕ್ಕೆ ತಿರುಗುಮುರುಗು. ಕತ್ತಲಾಗುವ ಹೊತ್ತಿಗೆ ಯಾವ ಊರಲ್ಲಿರಬೇಕು ಎಂಬುದು ಮೊದಲು ಗೊತ್ತಾಗಬೇಕಿತ್ತು. ಹಗಲಲ್ಲಿ ಏನು ಕಂಡರೂ ಅದು ಹಾದಿಯಲ್ಲಿ ಸಿಕ್ಕಿದ ಭಾಗ್ಯ. ನಾವಿಂದು ಹೋಟೆಲು ಹುಡುಕುವ ಊರುಗಳಲ್ಲಿ ಎಷ್ಟೋ ಊರುಗಳನ್ನು ತಂಗುದಾಣವಾಗಿ ಆರಿಸಿದ್ದು ಎತ್ತಿನ ನಡೆ, ಕುಡಿಯುವ ನೀರು, ಘಟ್ಟದ ಏರು ಮತ್ತು ಕತ್ತಲೆಯ ಭಯ. ಅಲ್ಲಿನ ದೇವಾಲಯಕ್ಕಾಗಲೀ ಜಲಪಾತಕ್ಕಾಗಲೀ ಆ ಆಯ್ಕೆಯಲ್ಲಿ ಪಾಲು ಕಡಿಮೆ. ಮೋಟಾರು ಬಂದು ನೂರು ವರ್ಷ ಕಳೆದರೂ ಆ ಆಯ್ಕೆಯ ಹಿಂದಿನ ಕಾರಣಗಳು ಸತ್ತಿಲ್ಲ, ಕಾರಿನಲ್ಲಿ ಹೊರಡುವವರು ಅವುಗಳನ್ನು ಕಡೆಗಣಿಸಿದರೆ ನಷ್ಟ ಅವರದೇ ಎಂಬುದು ನನ್ನ ವಾದ.

ಮೊದಲು ಎತ್ತಿನ ನಡೆಯನ್ನೇ ನೋಡೋಣ. ಹೇರು ತುಂಬಿದ ಗಾಡಿ ಗಂಟೆಗೆ ಎರಡು ಮೈಲಿ ಹೋದರೆ ಹೆಚ್ಚು. ನಡುವೆ ಎತ್ತುಗಳ ನೊಗ ಇಳಿಸಬೇಕು, ಅವು ಮೇಯಬೇಕು, ಮಲಗಿ ಮೆಲುಕು ಹಾಕಬೇಕು. ಹಾಗಾಗಿ ದಿನಕ್ಕೆ ಹನ್ನೆರಡರಿಂದ ಹದಿನೈದು ಮೈಲಿ ಸಾಗಿದರೆ ಅದು ನೆಮ್ಮದಿಯ ಪಯಣ. ಇದಕ್ಕಿಂತ ವೇಗದ ಎತ್ತುಗಳು ಇರಲಿಲ್ಲವೆಂದಲ್ಲ. ಮೈಸೂರಿನ ಅಮೃತಮಹಲ್ ಎತ್ತುಗಳನ್ನು ಕಟ್ಟಿಕೊಂಡು ಹೈದರಾಲಿ ಚಿದಂಬರದ ನೆರವಿಗೆ ಎರಡೂವರೆ ದಿನದಲ್ಲಿ ನೂರು ಮೈಲಿ ಧಾವಿಸಿದ್ದು ಪ್ರಸಿದ್ಧ. ಆದರೆ ಅದು ನಾಡಿನ ಅತ್ಯುತ್ತಮ ತಳಿ, ಯುದ್ಧದ ತುರ್ತಿನಲ್ಲಿ, ಜೀವ ಹಿಡಿದುಕೊಂಡು ಓಡಿದ ಓಟ. ಸಂತೆಗೆ ರಾಗಿ ಸಾಗಿಸುವ ರೈತನ ಜೋಡೆತ್ತಿಗೆ ಆ ಅಳತೆ ಹಿಡಿಯಲಾಗದು. ಮಾಮೂಲಿ ಪಯಣದ ಅಳತೆ ಬೇಕಾದರೆ 1800ರ ಮೇ ತಿಂಗಳಲ್ಲಿ ಬೆಂಗಳೂರಿನಿಂದ ಶ್ರೀರಂಗಪಟ್ಟಣಕ್ಕೆ ಹೊರಟ ಫ್ರಾನ್ಸಿಸ್ ಬುಕಾನನ್‌ನ ದಿನಚರಿ ನೋಡಬೇಕು. ಟಿಪ್ಪು ಮಡಿದ ಮರುವರ್ಷ, ಹೊಸದಾಗಿ ಕೈಗೆ ಬಂದ ಸೀಮೆಯ ಬೆಳೆ, ಕಸುಬು, ವ್ಯಾಪಾರಗಳ ವಿವರ ಬರೆದುಕೊಂಡು ಬರಲು ಕಂಪನಿ ಸರ್ಕಾರ ಕಳಿಸಿದ್ದ ವೈದ್ಯ ಆತ. ಕೆಂಗೇರಿ, ಬಿಡದಿ, ಚನ್ನಪಟ್ಟಣ, ಮದ್ದೂರು, ಮಂಡ್ಯ ಎಂದು ದಿನಕ್ಕೊಂದು ಊರಿನಂತೆ ತಂಗುತ್ತಾ ಹೋದ. ಕಂಡದ್ದನ್ನೆಲ್ಲ ಬರೆದುಕೊಳ್ಳುತ್ತಿದ್ದುದರಿಂದ ಅವನ ಗತಿ ನಿಧಾನವಾಗಿತ್ತು ಎನ್ನಬಹುದು. ಆದರೆ ಆ ಊರುಗಳು ಅವನು ಕಟ್ಟಿಸಿಕೊಂಡವಲ್ಲ. ಅವನಿಗಿಂತ ಮುಂಚೆ ಆ ದಾರಿಯಲ್ಲಿ ಹೋದ ದಂಡು, ಹೇರೆತ್ತು, ಯಾತ್ರಿಕರಿಗೆಲ್ಲ ಅವೇ ನಿಲ್ದಾಣ. ಎಂಬತ್ತೆರಡು ವರ್ಷದ ಮೇಲೆ, 1882ರಲ್ಲಿ, ಬೆಂಗಳೂರು–ಮೈಸೂರು ರೈಲು ಓಡಲು ಶುರುವಾದಾಗ ನಿಲ್ದಾಣಗಳಾದವೂ ಇವೇ ಊರುಗಳು.

ಇಂಥ ನಿಲ್ದಾಣಕ್ಕೆ ಬೇಕಾದದ್ದು ಕಟ್ಟಡವಲ್ಲ. ಊರ ಹೊರಗೆ ಮಾವು, ಹುಣಸೆ, ಹಿಪ್ಪೆಯ ಒಂದು ಗುಂಡುತೋಪು, ಅದರ ಪಕ್ಕದಲ್ಲಿ ಕೆರೆಯೋ ಬಾವಿಯೋ, ಬೇಸಿಗೆಯಲ್ಲಾದರೆ ನೀರುಮಜ್ಜಿಗೆ ಕೊಡುವ ಅರವಟ್ಟಿಗೆ. ತಲೆಹೊರೆಯವರಿಗೆ ಹೊರೆಗಲ್ಲು: ಎರಡು ಕಂಬ ನೆಟ್ಟು ಮೇಲೊಂದು ಅಡ್ಡಗಲ್ಲು ಹೇರಿದರೆ ಮುಗಿಯಿತು. ಅದರ ಎತ್ತರ ಆಳಿನ ಭುಜಕ್ಕೆ ಸರಿಯಾಗಿರುತ್ತದೆ, ಯಾಕೆಂದರೆ ಹೊರೆಯನ್ನು ನೆಲಕ್ಕಿಳಿಸಿದರೆ ಮತ್ತೆ ತಲೆಗೇರಿಸಲು ಇನ್ನೊಬ್ಬನ ಕೈ ಬೇಕು. ಕಲ್ಲಿನ ಮೇಲೆ ಜಾರಿಸಿಟ್ಟರೆ ಒಂಟಿಯಾಗಿ ಹೋಗುವವನೂ ದಣಿವಾರಿಸಿಕೊಂಡು ಮತ್ತೆ ತಲೆ ಕೊಟ್ಟು ಎತ್ತಿಕೊಳ್ಳಬಹುದು. ಒಬ್ಬನೇ ನಡೆಯುವ ಬಡವನ ಕಷ್ಟವನ್ನು ಇಷ್ಟು ಚೆನ್ನಾಗಿ ತಿಳಿದು ಕಟ್ಟಿದ ವಸ್ತು ನಮ್ಮ ಹೆದ್ದಾರಿಗಳ ಪಕ್ಕದಲ್ಲಿ ಈಗ ಯಾವುದಿದೆ? ಕಾಡಿನ ನಡುವೆ ಇಂಥ ಅನುಕೂಲ ಇಲ್ಲದ ಕಡೆ ಸರ್ಕಾರವೇ ಊರು ಕಟ್ಟಿದ್ದೂ ಉಂಟು. ಇಂದಿನ ರಾಮನಗರ 1800ರಲ್ಲಿ ದಿವಾನ್ ಪೂರ್ಣಯ್ಯನವರು ಹೆದ್ದಾರಿಯ ರಕ್ಷಣೆಗೆಂದು ಎಬ್ಬಿಸಿದ ಪೇಟೆ. ರೆಸಿಡೆಂಟ್ ಬ್ಯಾರಿ ಕ್ಲೋಸ್‌ನ ಹೆಸರಿನಲ್ಲಿ ಅದು ಬಹುಕಾಲ ಕ್ಲೋಸ್‌ಪೇಟೆಯಾಗಿತ್ತು. ಸುತ್ತಲ ಬಂಡೆಬೆಟ್ಟಗಳ ಚೆಲುವು ಆ ತೀರ್ಮಾನದಲ್ಲಿ ಸೇರಿರಲಿಲ್ಲ. ಆ ಬೆಟ್ಟಗಳು ಆಗ ಕಳ್ಳಕಾಕರು ಅಡಗುವ ಜಾಗಗಳು.

ಘಟ್ಟದ ಹಾದಿಯಲ್ಲಿ ಈ ನಿಯಮ ಇನ್ನೂ ಬಿಗಿ. ಬಯಲಿನಲ್ಲಿ ಒಂದು ಊರು ತಪ್ಪಿದರೆ ಮುಂದಿನದು ಸಿಕ್ಕೀತು. ಘಟ್ಟ ಹತ್ತಲು ತೊಡಗಿದ ಮೇಲೆ ನಡುವೆ ನಿಲ್ಲುವಂತಿಲ್ಲ. ಆದ್ದರಿಂದ ಪ್ರತಿ ಘಟ್ಟಕ್ಕೂ ಬುಡದಲ್ಲೊಂದು, ನೆತ್ತಿಯಲ್ಲೊಂದು ತಂಗುದಾಣ ಹುಟ್ಟಿಕೊಂಡಿತು. ಆಗುಂಬೆ ಮೇಲೆ, ಸೋಮೇಶ್ವರ ಕೆಳಗೆ. ಕೊಟ್ಟಿಗೆಹಾರ ಮೇಲೆ, ಚಾರ್ಮಾಡಿ ಕೆಳಗೆ. ಮಡಿಕೇರಿ ಮೇಲೆ, ಸಂಪಾಜೆ ಕೆಳಗೆ. 1623ರ ನವೆಂಬರಿನಲ್ಲಿ ಗೋವೆಯ ಪೋರ್ಚುಗೀಸ್ ರಾಯಭಾರಿಯ ಜತೆಗೂಡಿ ಇಟಲಿಯ ಪಿಯೆತ್ರೊ ದೆಲ್ಲಾ ವಾಲ್ಲೆ ಕೆಳದಿಯ ವೆಂಕಟಪ್ಪ ನಾಯಕನನ್ನು ಕಾಣಲು ಇಕ್ಕೇರಿಗೆ ಹೋದದ್ದು ಹೊನ್ನಾವರ, ಗೇರುಸೊಪ್ಪೆಗಳ ಮೇಲಿನಿಂದ. ಘಟ್ಟ ಹತ್ತಿದ ಮೇಲೆ ಸಾಮಾನು ಹೊರಿಸುವ ಕೆಲಸ ತಡವಾಯಿತು, ಅವನು ಹನುಮಂತನ ಗುಡಿಯ ಮುಖಮಂಟಪದಲ್ಲಿ ಕಾದು ಕೂತ. ಅಲ್ಲಿ ಕೆಲವು ಹುಡುಗರು ನೆಲದ ಮೇಲೆ ನುಣುಪು ಮರಳು ಹರಡಿ, ಬೆರಳಿಂದ ಅಂಕಿ ಬರೆದು, ಬರೆದದ್ದನ್ನೇ ರಾಗವಾಗಿ ಹೇಳುತ್ತಾ ಲೆಕ್ಕ ಕಲಿಯುತ್ತಿದ್ದುದನ್ನು ಕಂಡು ಬೆರಗಾಗಿ ಬರೆದಿಟ್ಟ. ಈ ನಾಡಿನ ಹಳೆಯ ಶಾಲಾ ಪದ್ಧತಿ ಹೇಗಿತ್ತೆಂದು ತಿಳಿಯಲು ವಿದ್ವಾಂಸರು ಇಂದಿಗೂ ಆ ಪುಟವನ್ನು ತೆರೆಯುತ್ತಾರೆ. ಅದನ್ನು ನೋಡಲೆಂದು ಅವನು ಬಂದಿರಲಿಲ್ಲ, ಆ ಗುಡಿ ಯಾವ ಪ್ರೇಕ್ಷಣೀಯ ಸ್ಥಳವೂ ಆಗಿರಲಿಲ್ಲ. ಘಟ್ಟದ ನೆತ್ತಿಯಲ್ಲಿ ಯಾರೇ ಆಗಲಿ ನಿಲ್ಲಲೇಬೇಕಾಗಿತ್ತು. ನಿಂತದ್ದರಿಂದಲೇ ಕಂಡಿತು.

ಹತ್ತೊಂಬತ್ತನೆಯ ಶತಮಾನದಲ್ಲಿ ಈ ತಂಗುದಾಣಗಳ ಮೇಲೆ ಸರ್ಕಾರದ ಕಟ್ಟಡ ಎದ್ದವು. ಕಬ್ಬನ್ 1834ರಿಂದ 1861ರವರೆಗೆ ಮೈಸೂರಿನ ಕಮಿಷನರಾಗಿದ್ದ ಕಾಲದಲ್ಲಿ ಸುಮಾರು 1,600 ಮೈಲಿ ರಸ್ತೆ, ಮುನ್ನೂರಕ್ಕೂ ಮಿಕ್ಕಿದ ಸೇತುವೆ ಆದವು; ಚಕ್ರವೇ ಉರುಳದಿದ್ದ ಘಟ್ಟಗಳಲ್ಲಿ ಗಾಡಿ ಇಳಿಯಿತು. ರಸ್ತೆಯ ಜತೆಗೆ ಪ್ರವಾಸಿ ಬಂಗಲೆಗಳು, ಮುಸಾಫಿರ್‌ಖಾನೆಗಳು ಬಂದವು. ಊರಾಚೆ ಮರಗಳ ಕಾಂಪೌಂಡು, ಮುಂದೆ ಅಗಲದ ಜಗಲಿ, ಎರಡು ಕೋಣೆ, ಹಿಂದೆ ಬೇರೆಯಾಗಿ ಅಡುಗೆಮನೆ ಮತ್ತು ಕುದುರೆ ಲಾಯ, ನೋಡಿಕೊಳ್ಳಲು ಒಬ್ಬ ಮೇಟಿ. ಹೆಸರು ಪ್ರವಾಸಿ ಮಂದಿರವಾದರೂ ಜನ ಇಂದಿಗೂ ಟಿ.ಬಿ. ಎಂದೇ ಕರೆಯುವ ಆ ಕಟ್ಟಡಗಳು ಹಳೇ ಮೈಸೂರಿನ ತಾಲ್ಲೂಕು ಕೇಂದ್ರಗಳಲ್ಲಿ ಇನ್ನೂ ಕಾಣುತ್ತವೆ. ನನ್ನ ವಾದಕ್ಕೆ ಮುಖ್ಯವಾದದ್ದು ಅವುಗಳ ಒಂದು ಕಟ್ಟಳೆ. ಬ್ರಿಟಿಷ್ ಇಂಡಿಯಾದ ಡಾಕ್ ಬಂಗಲೆಗಳಲ್ಲಿ ಬಂದವರಿಗೆ ಇಪ್ಪತ್ತನಾಲ್ಕು ಗಂಟೆ ತಂಗುವ ಹಕ್ಕಿತ್ತು. ಆಮೇಲೆ ಹೊಸಬರು ಬಂದರೆ ಕೋಣೆ ಬಿಟ್ಟುಕೊಡಬೇಕು. ಛತ್ರಗಳಲ್ಲೂ ಮೂರು ದಿನಕ್ಕಿಂತ ಹೆಚ್ಚು ಉಳಿಯಬಾರದೆಂಬ ಕಟ್ಟುಪಾಡು ಸಾಮಾನ್ಯವಾಗಿತ್ತು. ಒಂದೂರಲ್ಲಿ ಗಂಟು ಇಳಿಸಿ, ಅಲ್ಲಿಂದ ದಿನಕ್ಕೊಂದು ದಿಕ್ಕಿಗೆ ಹೋಗಿಬರುವ ಇಂದಿನ ಪ್ರವಾಸಕ್ಕೆ ಆ ವ್ಯವಸ್ಥೆಯಲ್ಲಿ ಜಾಗವೇ ಇರಲಿಲ್ಲ. ಅದು ಬೆಳಗ್ಗೆ ಎದ್ದು ಮುಂದಕ್ಕೆ ಹೋಗುವವರಿಗಾಗಿ ಕಟ್ಟಿದ ಸರಪಳಿ.

ಇಲ್ಲಿ ಒಂದು ಗಂಭೀರ ಆಕ್ಷೇಪಣೆಗೆ ಉತ್ತರ ಹೇಳದೆ ಮುಂದೆ ಹೋಗುವಂತಿಲ್ಲ. ಈ ಸರಪಳಿ ಯಾರದಾಗಿತ್ತು? ಬಂಗಲೆ ಎಂದರೆ ದೊರೆಗಳು ಮತ್ತು ಅಧಿಕಾರಿಗಳು. ಛತ್ರವೆಂದರೆ ಜಾತಿಗೊಂದು ಪಂಕ್ತಿ, ಕೆಲವು ಜಾತಿಗಳಿಗೆ ಹೊಸ್ತಿಲೂ ಇಲ್ಲ. ಕೆರೆಯ ನೀರನ್ನು ಎತ್ತು ಮುಟ್ಟಬಹುದು, ಎತ್ತು ಹೊಡೆಯುವವನು ಮುಟ್ಟಬಾರದು. 1901ರಲ್ಲಿ ಸಾತಾರದಿಂದ ಕೋರೆಗಾಂವ್‌ನಲ್ಲಿದ್ದ ತಂದೆಯ ಬಳಿಗೆ ಹೊರಟ ಬಾಲಕ ಅಂಬೇಡ್ಕರ್, ಅಣ್ಣ ಮತ್ತು ಅಕ್ಕನ ಮಕ್ಕಳೊಂದಿಗೆ ಮಸೂರು ನಿಲ್ದಾಣದಲ್ಲಿ ಇಳಿದಾಗ ಆದದ್ದನ್ನು ಮುಂದೆ ತಾವೇ ಬರೆದಿದ್ದಾರೆ. ಮಹಾರರ ಮಕ್ಕಳೆಂದು ತಿಳಿದ ಮೇಲೆ ಯಾವ ಗಾಡಿಯವನೂ ಹತ್ತಿಸಿಕೊಳ್ಳಲಿಲ್ಲ. ಕಡೆಗೆ ಒಬ್ಬ ಒಪ್ಪಿದ: ಎರಡರಷ್ಟು ಬಾಡಿಗೆ ಕೊಟ್ಟು ಮಕ್ಕಳೇ ಗಾಡಿ ಹೊಡೆಯಬೇಕು, ತಾನು ಪಕ್ಕದಲ್ಲಿ ನಡೆದು ಬರುತ್ತೇನೆ. ನಡುರಾತ್ರಿ ಸುಂಕದ ಕಟ್ಟೆಯಲ್ಲಿ ತಂಗಿದರು. ಬುತ್ತಿಯಲ್ಲಿ ಊಟವಿತ್ತು, ಕುಡಿಯಲು ನೀರು ಕೊಡುವವರಿಲ್ಲ, ಹಸಿದೇ ಮಲಗಿದರು. ತಂಗುದಾಣದ ಇತಿಹಾಸ ಬರೆಯುವಾಗ ಅರವಟ್ಟಿಗೆಯ ಪುಣ್ಯವನ್ನು ಮಾತ್ರ ಹೇಳಿ ಇದನ್ನು ಬಿಟ್ಟರೆ ಅದು ಸುಳ್ಳು ಇತಿಹಾಸ. ಬೆಲೆ ಕೊಟ್ಟರೆ ಯಾರಿಗಾದರೂ ಚಾಪೆ ಹಾಸುವ ಲಾಡ್ಜುಗಳು, ಟಿಕೆಟ್ ಕೊಂಡವರೆಲ್ಲ ಪಕ್ಕಪಕ್ಕ ಕೂರುವ ಬಸ್ಸು ಬಂದ ಮೇಲೆಯೇ ಈ ರಸ್ತೆಗಳು ನಿಜವಾಗಿ ಸಾರ್ವಜನಿಕವಾಗತೊಡಗಿದವು, ಅದೂ ಜಗಳವಿಲ್ಲದೆ ಆದದ್ದಲ್ಲ. ಆದರೆ ನನ್ನ ವಾದ ಆ ತಂಗುದಾಣಗಳ ನ್ಯಾಯದ ಬಗ್ಗೆ ಅಲ್ಲ, ಅವು ಇದ್ದ ಜಾಗಗಳ ಬಗ್ಗೆ. ಒಳಗೆ ಸೇರಿಸದಿದ್ದವರೂ ನಿಲ್ಲಬೇಕಾಗಿದ್ದದ್ದು ಅದೇ ಊರಿನ ಆಚೆಗೆ, ಅದೇ ಘಟ್ಟದ ಬುಡದಲ್ಲಿ. ಎತ್ತಿನ ದಣಿವು ಜಾತಿ ನೋಡುತ್ತಿರಲಿಲ್ಲ.

ರೈಲು ಬಂದಾಗ ಎಲ್ಲ ಬದಲಾಯಿತಲ್ಲ ಎಂಬುದು ಇನ್ನೊಂದು ಆಕ್ಷೇಪಣೆ. ಒಂದು ಮಟ್ಟಿಗೆ ನಿಜ. ಹೆದ್ದಾರಿಯ ಸಣ್ಣ ನಿಲ್ದಾಣಗಳು ಸೊರಗಿದವು, ತಂಗುವವರು ರೈಲ್ವೆ ಸ್ಟೇಷನ್ನಿನ ಎದುರಿಗೆ ಬಂದರು. ಬೆಂಗಳೂರಿನಲ್ಲಿ ಗುಬ್ಬಿ ತೋಟದಪ್ಪನವರ ಛತ್ರ 1903ರಲ್ಲಿ ಬಾಗಿಲು ತೆರೆದದ್ದು ಸ್ಟೇಷನ್ನಿನ ಹತ್ತಿರವೇ. ಆದರೆ ರೈಲು ಮಾಡಿದ ಹೆಚ್ಚಿನ ಕೆಲಸ ಬೇರೆ: ಅದು ಕೆಲವು ಊರುಗಳನ್ನು ಕೂಡುದಾಣ ಮಾಡಿ, ಮುಂದೆ ಕಾರಿನ ಪ್ರವಾಸಿಗೆ ಬಿಡಾರವಾಗುವಂತೆ ಸಜ್ಜುಗೊಳಿಸಿತು. ಹಂಪಿಯ ಉದಾಹರಣೆ ಸಾಕು. ಹಿಂದೆ ಅಲ್ಲಿಗೆ ಬಂದ ಅಧಿಕಾರಿಗಳು ತಂಗುತ್ತಿದ್ದದ್ದು ಕಮಲಾಪುರದ ಬಂಗಲೆಯಲ್ಲಿ. ಅದು ವಿಜಯನಗರ ಕಾಲದ ಒಂದು ಶಿವಾಲಯವನ್ನೇ ವಾಸಕ್ಕೆ ಬದಲಾಯಿಸಿಕೊಂಡದ್ದು. ಅವಶೇಷಗಳ ನಡುವೆಯೇ ಇದ್ದ ಆ ಬಂಗಲೆ ಬಿಟ್ಟು ಪ್ರವಾಸಿಗಳ ಪೇಟೆಯಾಗಿ ಬೆಳೆದದ್ದು ಹನ್ನೆರಡು ಕಿಲೋಮೀಟರು ಆಚೆಯ, ರೈಲಿದ್ದ ಹೊಸಪೇಟೆ.

ಹಾಸನದ ಕಥೆ ಇನ್ನೂ ಸ್ಪಷ್ಟ. ಬೇಲೂರು ಅಲ್ಲಿಂದ 40 ಕಿ.ಮೀ. ಒಳಗೆ, ಹಳೇಬೀಡು ಸುಮಾರು 30, ಶ್ರವಣಬೆಳಗೊಳ ಸುಮಾರು 50. ನೋಡುವುದಷ್ಟೇ ಉದ್ದೇಶವಾದರೆ ಬೇಲೂರಿನಲ್ಲೇ ಉಳಿಯಬೇಕು; ಹಳೇಬೀಡು ಅಲ್ಲಿಂದ ಹದಿನಾರೇ ಕಿಲೋಮೀಟರು. ಆದರೂ ಮೂರು ತಲೆಮಾರಿನ ಪ್ರವಾಸಿಗಳು ಮಲಗಿದ್ದು ಹಾಸನದಲ್ಲಿ. ಬೆಂಗಳೂರು–ಮಂಗಳೂರು ರಸ್ತೆಯ ಹೆಚ್ಚುಕಡಿಮೆ ನಟ್ಟನಡುವೆ, ಘಟ್ಟಕ್ಕೆ ಮುಂಚೆ ಸಿಗುವ ಕೊನೆಯ ದೊಡ್ಡ ಊರು ಅದು. ಮೈಸೂರು–ಅರಸೀಕೆರೆ ರೈಲು ಬಂದ ಮೇಲೆ ನಾಲ್ಕೂ ದಿಕ್ಕಿನ ದಾರಿ ಅಲ್ಲಿ ಕೂಡಿತು. ಕಾಫಿ ತೋಟದ ಸರಕು, ಪೆಟ್ರೋಲು, ಟೈರಿಗೆ ಪಂಕ್ಚರ್ ಹಾಕುವವರು, ಡಾಕ್ಟರು, ರಾತ್ರಿ ಹತ್ತಕ್ಕೂ ಊಟ ಸಿಗುವ ಹೋಟೆಲು ಎಲ್ಲ ಒಟ್ಟಿಗೆ ಇದ್ದದ್ದು ಅಲ್ಲಿಯೇ. ಸ್ಥಳದ ಆಕರ್ಷಣೆಯೇ ಬಂಗಲೆ ಕಟ್ಟಿಸಿದ ಕಡೆಗಳಿಲ್ಲವೇ ಎಂದು ಕೇಳಬಹುದು. ಇವೆ. ಜೋಗದಲ್ಲಿ ಶರಾವತಿಯ ಒಂದು ದಡಕ್ಕೆ ಮೈಸೂರು ಬಂಗಲೆ, ಎದುರು ದಡಕ್ಕೆ ಬಾಂಬೆ ಬಂಗಲೆ ನಿಂತದ್ದು 830 ಅಡಿ ಧುಮುಕುವ ನೀರನ್ನು ನೋಡಲೆಂದೇ. ನಂದಿಬೆಟ್ಟ, ಕೆಮ್ಮಣ್ಣುಗುಂಡಿಗಳೂ ಹಾಗೆಯೇ. ಆದರೆ ಇವೆಲ್ಲ ಹೋಗಿ ಹಿಂತಿರುಗಿ ಬರುವ ಜಾಗಗಳು, ಹಾದುಹೋಗುವ ದಾರಿಯ ಮೇಲಿನವಲ್ಲ. ಜೋಗಕ್ಕೆ ಹೋದವರ ಬಿಡಾರ ಹೆಚ್ಚಾಗಿ ಸಾಗರ ಅಥವಾ ಶಿವಮೊಗ್ಗ. 1971ರಲ್ಲಿ ರಾಜ್ಯ ಪ್ರವಾಸೋದ್ಯಮ ಅಭಿವೃದ್ಧಿ ನಿಗಮ ಹುಟ್ಟಿ, ಬೇಲೂರು, ಕಮಲಾಪುರ, ಜೋಗಗಳಲ್ಲಿ ಮಯೂರ ಹೋಟೆಲುಗಳು ಬಂದ ಮೇಲೆ ನೋಡುವ ಜಾಗದ ಬಾಗಿಲಲ್ಲೇ ಮಲಗುವುದು ಸಾಧ್ಯವಾಯಿತು. ಅದು ಒಳ್ಳೆಯದೇ, ಬೆಳಗಿನ ಬಿಸಿಲಿನಲ್ಲಿ ಚೆನ್ನಕೇಶವನ ಗುಡಿಯ ಮದನಿಕೆಯರನ್ನು ಜನ ಸೇರುವ ಮುಂಚೆ ನೋಡಬೇಕಾದರೆ ಅಲ್ಲೇ ಉಳಿಯುವುದು ಲೇಸು. ಆದರೆ ಆ ಅನುಕೂಲಕ್ಕೆ ಐವತ್ತು ವರ್ಷವಷ್ಟೇ ವಯಸ್ಸು, ಹಳೆಯ ಬಿಡಾರಗಳನ್ನು ಅದು ತೆಗೆದುಹಾಕಲೂ ಇಲ್ಲ.

ಕೊನೆಯ ಆಕ್ಷೇಪಣೆಯೇ ಎಲ್ಲಕ್ಕಿಂತ ಬಲವಾದದ್ದು: ದೂರವೇ ಕರಗಿಹೋದ ಮೇಲೆ ಎತ್ತಿನ ಲೆಕ್ಕಕ್ಕೇನು ಅರ್ಥ? 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯಗಳನ್ನು ಪಕ್ಕಕ್ಕೆ ಬಿಟ್ಟು ಸಾಗುತ್ತದೆ. ಬುಕಾನನ್ ದಿನಗಟ್ಟಲೆ ಮಾಡಿದ ಪಯಣ ಒಂದೂವರೆ ಗಂಟೆಗೆ ಇಳಿದಿದೆ. ಚನ್ನಪಟ್ಟಣದ ಗೊಂಬೆಯಂಗಡಿಗಳು, ಮದ್ದೂರು ವಡೆಯ ಹೋಟೆಲುಗಳು ಗಿರಾಕಿ ಕಳೆದುಕೊಂಡವು. ಇನ್ನೂರು ವರ್ಷ ರಸ್ತೆಯ ಮೇಲೆ ಬದುಕಿದ ಊರುಗಳಿಂದ ರಸ್ತೆಯನ್ನೇ ಕಿತ್ತುಕೊಂಡದ್ದು ಸಣ್ಣ ಸಂಗತಿಯಲ್ಲ, ಅಲ್ಲಿನವರ ನಷ್ಟವನ್ನು ವೇಗದ ಲೆಕ್ಕದಲ್ಲಿ ಮುಚ್ಚಿಹಾಕಬಾರದು. ಬಯಲು ದಾರಿಯ ಮಟ್ಟಿಗೆ ಈ ಆಕ್ಷೇಪಣೆಯನ್ನು ಒಪ್ಪುತ್ತೇನೆ. ಕಾಡು ಮತ್ತು ಘಟ್ಟದ ಮಟ್ಟಿಗೆ ಒಪ್ಪಲಾರೆ. ಬಂಡೀಪುರದ ಮೂಲಕ ಊಟಿಗೆ ಮತ್ತು ಸುಲ್ತಾನ್ ಬತ್ತೇರಿಗೆ ಹೋಗುವ ರಸ್ತೆಗಳು ವನ್ಯಪ್ರಾಣಿಗಳ ಸಲುವಾಗಿ ರಾತ್ರಿ ಒಂಬತ್ತರಿಂದ ಬೆಳಗ್ಗೆ ಆರರವರೆಗೆ ಮುಚ್ಚುತ್ತವೆ, 2009ರಿಂದ ಹೀಗೆ. ಒಂಬತ್ತು ದಾಟಿ ಬಂದವರು ಗುಂಡ್ಲುಪೇಟೆಯಲ್ಲಿ ಉಳಿಯಬೇಕು, ಅವರ ಕಾರಿಗೆ ಎಷ್ಟು ಶಕ್ತಿಯಿದ್ದರೂ ಸರಿ. ಕತ್ತಲಾದ ಮೇಲೆ ಕಾಡು ಹೊಗಬಾರದೆಂದು ಗಾಡಿಯವರು ತಾವೇ ಪಾಲಿಸುತ್ತಿದ್ದ ನಿಯಮ ಈಗ ಆನೆ, ಚಿರತೆ, ಜಿಂಕೆಗಳ ಪ್ರಾಣ ಉಳಿಸಲು ಕಾನೂನಾಗಿ ಬಂದಿದೆ. ಹಿಂದೆ ಮನುಷ್ಯನಿಗೆ ಮೃಗಗಳ ಭಯ, ಈಗ ಮೃಗಗಳಿಗೆ ಮನುಷ್ಯನ ಭಯ. ತಂಗುವ ಊರು ಮಾತ್ರ ಬದಲಾಗಲಿಲ್ಲ.

ಘಟ್ಟಗಳೂ ಹಾಗೆಯೇ. 2019ರ ಆಗಸ್ಟಿನ ಮಳೆಗೆ ಚಾರ್ಮಾಡಿ ಕುಸಿದು ಸಂಚಾರ ನಿಂತಿತು. ಶಿರಾಡಿ ಕಾಂಕ್ರೀಟ್ ಕೆಲಸಕ್ಕೆಂದು 2015ರಲ್ಲೂ 2018ರಲ್ಲೂ ತಿಂಗಳುಗಟ್ಟಲೆ ಮುಚ್ಚಿತ್ತು, 2024ರ ಜುಲೈಯಲ್ಲಿ ಗುಡ್ಡ ಜಾರಿ ಮತ್ತೆ ನಿಂತಿತು. ಆಗುಂಬೆಯ ಹದಿನಾಲ್ಕು ತಿರುವುಗಳು ಮಂಜಿನಲ್ಲಿ ಎಷ್ಟು ಅಪಾಯವೋ ಮುಂಚೆಯೂ ಅಷ್ಟೇ. ಎತ್ತಿಗೆ ಬದಲಾಗಿ ಈಗ ದಣಿಯುವುದು ಚಾಲಕನ ಕಣ್ಣು. ಬೆಂಗಳೂರಿನಿಂದ ಮಂಗಳೂರಿಗೆ ಸುಮಾರು 350 ಕಿ.ಮೀ. ಒಂದೇ ದಿನದ ದಾರಿಯೆಂದು ಮಧ್ಯಾಹ್ನ ಹೊರಟವರು ಕತ್ತಲಾಗುವ ಹೊತ್ತಿಗೆ ಸರಿಯಾಗಿ ಶಿರಾಡಿಯ ತಿರುವುಗಳಿಗೆ ಇಳಿಯುತ್ತಾರೆ, ಎದುರಿನಿಂದ ಬಂದರಿನ ಲಾರಿಗಳು ಏರುತ್ತಿರುತ್ತವೆ. ಅಂಥವರು ಸುಮಾರು 950 ಮೀಟರ್ ಎತ್ತರದ ಸಕಲೇಶಪುರದಲ್ಲಿ ಹೇಮಾವತಿಯ ದಡಕ್ಕೆ ಆ ರಾತ್ರಿ ನಿಂತು, ಬೆಳಗ್ಗೆ ಏಳರ ನಂತರ ಘಟ್ಟ ಇಳಿದರೆ ಗುಂಡ್ಯ, ಉಪ್ಪಿನಂಗಡಿ ದಾಟಿ ಮಧ್ಯಾಹ್ನದ ಊಟಕ್ಕೆ ಮುಂಚೆ ಮಂಗಳೂರಿನಲ್ಲಿರಬಹುದು. ಪಯಣದ ಯೋಜನೆ ಹಾಕುವಾಗ ಇಂಥ ಊರುಗಳ ಹೆಸರನ್ನು ಮೊದಲು ಬರೆದುಕೊಂಡು, ನೋಡುವ ಜಾಗಗಳನ್ನು ಅವುಗಳ ನಡುವೆ ಹೊಂದಿಸಿಕೊಂಡರೆ ದಿನಕ್ಕೊಂದು ಜಾಗ ಕಡಿಮೆಯಾದೀತು, ಘಟ್ಟವನ್ನು ಮಾತ್ರ ಹಗಲಿನಲ್ಲಿ ನೋಡಿದಂತಾಗುತ್ತದೆ.